ಎಂಟರ ಕೀ

ಸಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನ ಜೇನು ಸಂಘಗಳಿಗೆಲ್ಲ ಸೇರಿ ಒಂದು ಒಕ್ಕೂಟ. ಅದರ ಸಭೆ ಯಾವತ್ತು ನಡೆದರೂ ಮೊದಲು ಏಳುವವನು ಶರಣ. ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದುವುದು, ಆಮೇಲೆ ಕೂತು ಅಂದಿನ ಠರಾವುಗಳನ್ನು ಟೈಪು ಮಾಡುವುದು ಅವನ ಕೆಲಸ. ಅವನು ಓದಿ ಮುಗಿಸಿ, ಸಭೆ ಕೈಯೆತ್ತಿ ಒಪ್ಪುವ ತನಕ ಮುಂದಿನ ಮಾತಿಲ್ಲ. ಅಧ್ಯಕ್ಷರಾದರೂ ಬಾಯಿ ಮುಚ್ಚಿಕೊಂಡೇ ಕೂರಬೇಕು.

ಶರಣನಿಗೆ ಎರಡೂ ಕಣ್ಣಿಲ್ಲ. ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದ. ಕಂಪ್ಯೂಟರು ಅವನ ಕಿವಿಗೆ ಓದುತ್ತಿತ್ತು, ಅವನು ಸಭೆಗೆ ಓದುತ್ತಿದ್ದ. ಕಿವಿಗೂ ಬಾಯಿಗೂ ನಡುವೆ ಎರಡು ಪದಗಳ ಅಂತರ. ತಲೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಮಾತು ತಲೆಗೆ ಹೋಗುವ ಮೊದಲೇ ನಾಲಿಗೆಯಿಂದ ಹೊರಬಿದ್ದಿರುತ್ತಿತ್ತು. ಯಂತ್ರದ್ದು ತಗಡು ಕೆರೆದಂಥ ದನಿ. ಅದೇ ಮಾತು ಶರಣನ ಗಂಟಲಿನಿಂದ ಬರುವಾಗ ಹಿಂದಿನ ಸಾಲಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು.

ಈ ಕೆಲಸಕ್ಕೆ ಮುಂಚೆ ಅವನು ಬನವಾಸಿ ಕಡೆಯ ಹಳ್ಳಿಯಿಂದ ಬಂದು ಸಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರಾದರೂ ಅಂಗೈಗೆ ನಾಣ್ಯ ತುರುಕಿ ಹೋಗುತ್ತಿದ್ದರು. "ನಾ ಬಸ್ಸಿಗೆ ನಿಂತೀನ್ರೀ" ಎಂದು ಇವನು ಕೂಗುವಷ್ಟರಲ್ಲಿ ಪುಣ್ಯ ಕಟ್ಟಿಕೊಂಡವರು ಬಸ್ಸು ಹತ್ತಿಯಾಗಿರುತ್ತಿತ್ತು. ಕೆಲಸ ಸಿಕ್ಕ ಮೇಲೆ ಅದೇ ಬಸ್ ಸ್ಟ್ಯಾಂಡಿನಲ್ಲಿ, "ಏ ಶರಣಪ್ಪಾರ, ಬರ್ರಿ, ಇಲ್ಲಿ ಸೀಟೈತಿ" ಎಂದು ಕರೆಯುವವರು ಹುಟ್ಟಿಕೊಂಡರು. ಅವ್ವ ಪಾರ್ವತವ್ವ ಊರವರ ಮುಂದೆ, "ನನ್ನ ಮಗ ಓದಿದ್ರನ ಸಭಾ, ಇಲ್ಲಂದ್ರ ಬರೇ ಗದ್ದಲ" ಎನ್ನುತ್ತಿದ್ದಳು. ಆದರೆ ಹುದ್ದೆ ದಿನಗೂಲಿಯದು. ನಾಳೆ ಬರಬೇಡ ಅಂದರೆ ಮುಗಿಯಿತು, ಮತ್ತೆ ಅಂಗೈಗೆ ನಾಣ್ಯ. ಖಾಯಂ ಆದೇಶ ಎನ್ನುವ ಒಂದು ಹಾಳೆಯ ಹೊರತು ಶರಣ ದೇವರಲ್ಲಿ ಇನ್ನೇನನ್ನೂ ಕೇಳುತ್ತಿರಲಿಲ್ಲ.

ಅವನನ್ನು ಆ ಕಂಪ್ಯೂಟರಿನ ಮುಂದೆ ನಿಲ್ಲಿಸಿದವಳು ಅನುಶ್ರೀ. ಕಾನಸೂರು ಸಂಘದ ಪ್ರತಿನಿಧಿ. ಸಿರಸಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತ, ಭಾನುವಾರಕ್ಕೊಮ್ಮೆ ಓದು ಬಳಗ ಸೇರಿಸುತ್ತ, ಊರಿನಲ್ಲಿ ಎಲ್ಲಿ ಅನ್ಯಾಯವಾದರೂ ಮೊದಲು ಕರಪತ್ರ ಬರೆಯುತ್ತಿದ್ದ ಹೆಂಗಸು. ಗುಜರಿಗೆ ಹೋಗಬೇಕಿದ್ದ ಯಂತ್ರಗಳನ್ನು ಕೂಡಿಸಿ, ಕಾಸು ಕೇಳದ ತಂತ್ರಾಂಶ ಹಾಕಿ, ಕನ್ನಡ ಓದುವ ತಗಡಿನ ದನಿಯನ್ನು ಕೂರಿಸಿ, ಶರಣನ ಬೆರಳು ಹಿಡಿದು ಒಂದೊಂದೇ ಕೀ ಕಲಿಸಿದವಳು ಅವಳು. ಸುಳ್ಳಲ್ಲ. ಅದರ ಬಾಡಿಗೆಯನ್ನು ವಸೂಲು ಮಾಡಿದ್ದೂ ಸುಳ್ಳಲ್ಲ. ಧಾರವಾಡದಿಂದ ಯಾರೋ ಚಿಂತಕರು ಬಂದರೆ, "ಇವ ನಮ್ಮ ಶರಣ, ಮುಕ್ತ ತಂತ್ರಾಂಶ ಎಂತ ಮಾಡ್ತದೆ ಅಂತ ನೋಡಿ" ಎಂದು ಎಳೆದು ತಂದು ಓದಿಸುತ್ತಿದ್ದಳು. ಅವರು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯ ಶಬ್ದ ಯಾವ ಕಡೆಗೆ ತಿರುಗಿದೆ ಎಂದು ಕಣ್ಣಿಲ್ಲದವನಿಗೆ ಚೆನ್ನಾಗಿ ತಿಳಿಯುತ್ತದೆ. ಅದು ಅನುಶ್ರೀಯ ಕಡೆಗಿರುತ್ತಿತ್ತು.

ಹೀಗಿರುವಾಗ ಕಡತದ ಜಗಳ ಶುರುವಾಯಿತು.

ಸಿರಸಿಯ ಕಚೇರಿ, ಸಿದ್ದಾಪುರದ ಸಂಘಗಳು ಅನುಶ್ರೀಯ ಮಾತಿನಂತೆ ಕಡತಗಳನ್ನು ಓಡಿಟಿ ಎಂಬ ರೂಪದಲ್ಲಿ ಉಳಿಸುತ್ತಿದ್ದವು. ಯಲ್ಲಾಪುರದವರು ದೊಡ್ಡ ಕಂಪನಿಯ ಡಾಕ್ಸ್ ರೂಪದಲ್ಲಿ. ಇಲ್ಲಿಂದ ಹೋದ ಕಡತ ಅಲ್ಲಿ ತೆರೆದರೆ, ಕಡತ ಕೆಟ್ಟಿದೆ, ದುರಸ್ತಿ ಮಾಡಲೇ ಎಂದು ಯಂತ್ರ ಕೇಳುತ್ತಿತ್ತು. ಯಲ್ಲಾಪುರದ ಗುಮಾಸ್ತ ಫೋನು ಮಾಡಿ, "ನಿಮ್ಮ ಫೈಲಿಗೆ ಹುಷಾರಿಲ್ಲ ಅಂತೆ, ಡಾಕ್ಟರಿಗೆ ತೋರಿಸ್ರೋ" ಎಂದು ನಗುತ್ತಿದ್ದ. ಅಲ್ಲಿಂದ ಬಂದದ್ದು ಇಲ್ಲಿ ತೆರೆದರೆ ಕೋಷ್ಟಕದ ಅರ್ಧ ಪುಟದಾಚೆ ಜಿಗಿದಿರುತ್ತಿತ್ತು. ಸದಸ್ಯರಿಗೆ ಇದೊಂದು ತಮಾಷೆ. "ಓಡಿ ಟೀ ಕುಡಿಯೋರು ಆ ಬದಿಗೆ ಕೂರಿ, ಉಳಿದವರು ಈ ಬದಿಗೆ" ಎನ್ನುವವರೆಗೆ ಹೋಯಿತು.

ತಮಾಷೆಯಲ್ಲದ ಸಂಗತಿ ಎಂದರೆ ಎರಡರ ಮೇಲೂ ಒಂದೇ ಮೊಹರು. ಎರಡೂ ಮುಕ್ತ, ಎರಡೂ ಜಗತ್ತು ಒಪ್ಪಿದ ಮಾನಕ. ಹಾಗಾದರೆ ಜಗಳ ಯಾತಕ್ಕೆ ಎಂದು ಅಧ್ಯಕ್ಷ ನಾಗಪ್ಪ ಕೇಳಿದಾಗ ಅನುಶ್ರೀ ಎದ್ದು ನಿಂತಿದ್ದಳು.

"ಅಧ್ಯಕ್ಷರೇ, ಒಂದರ ನಿಯಮ ಓದಿ ಯಾರು ಬೇಕಾದ್ರೂ ಅದನ್ನ ತೆರೆಯೋ ಯಂತ್ರ ಕಟ್ಟಬಹುದು. ಇನ್ನೊಂದರ ನಿಯಮ ಆರು ಸಾವಿರ ಪುಟ. ಬಾಗಿಲಿಗೆ ಬೀಗ ಇಲ್ಲ ಅಂತ ಬೋರ್ಡು ಹಾಕಿ, ಬಾಗಿಲಿಗೆ ಹೋಗೋ ದಾರೀನ ಆರು ಸಾವಿರ ತಿರುವು ಮಾಡಿಟ್ಟಿದಾರೆ. ಇವತ್ತು ಕಂಪ್ಯೂಟರ್ ಪುಕ್ಕಟೆ ಕೊಡ್ತಾರೆ. ನಾಳೆ ನಿಮ್ಮ ನಡಾವಳಿ ನೀವೇ ಓದ್ಲಿಕ್ಕೆ ಅವರ ಹತ್ರ ಕೇಳಬೇಕು."

"ಆರ್ ಸಾವಿರ ಪುಟ ಅಂದ್ರ ಭಾಳ ದೊಡ್ಡ ಕೆಲಸ ಮಾಡ್ಯಾರ್ ಬಿಡವಾ" ಎಂದರು ಎಕ್ಕಂಬಿಯ ನಾಗಪ್ಪ. ಸಭೆ ನಕ್ಕಿತು. ಯಾವುದಾದರೂ ಒಂದೇ ರೂಪ ಇರಲಿ, ಮುಂದಿನ ಸಭೆಯಲ್ಲಿ ವೋಟು ಹಾಕಿ ತೀರ್ಮಾನಿಸೋಣ ಎಂದಾಯಿತು. ಸ್ವಂತ ಕಂಪ್ಯೂಟರ್ ಇರುವ ಸಂಘಕ್ಕೆ ಮಾತ್ರ ವೋಟು.

ಅದಾಗಿ ಕೆಲವು ದಿನಕ್ಕೆ ಒಕ್ಕೂಟದ ಕಾರ್ಯದರ್ಶಿ ಮನೋಹರ ಶರಣನನ್ನು ಚಹಾಕ್ಕೆ ಕರೆದ. ಮತ್ತಿಘಟ್ಟದವನು, ಬೆಣ್ಣೆಯಲ್ಲಿ ಚಾಕು ಇಟ್ಟ ಹಾಗೆ ಮಾತಾಡುವವನು. ಜೊತೆಗೆ ವೈಭವ ಎಂಬ ಹೊಸ ದನಿ ಇತ್ತು. ಯಲ್ಲಾಪುರದ ಹುಡುಗ, ಡಾಕ್ಸ್ ಕಡೆಯ ತಂತ್ರಾಂಶವನ್ನೂ ಕಂಪ್ಯೂಟರುಗಳನ್ನೂ ಮೂರು ತಾಲೂಕಿಗೆ ಒದಗಿಸುವ ಏಜೆಂಟು.

"ಶರಣಾ, ಇದನ್ನೊಂದು ಕೇಳು" ಎಂದು ವೈಭವ ತನ್ನ ಲ್ಯಾಪ್‌ಟಾಪಿನ ಇಯರ್‌ಫೋನನ್ನು ಅವನ ಕಿವಿಗೆ ಇಟ್ಟ.

ಒಬ್ಬ ಹೆಣ್ಣುಮಗಳು ಮಾತಾಡಿದಳು. ತಗಡಲ್ಲ, ಉಸಿರಿರುವ ದನಿ. ಪೂರ್ಣವಿರಾಮಕ್ಕೆ ನಿಲ್ಲುತ್ತಿದ್ದಳು, ಪ್ರಶ್ನೆಗೆ ಸ್ವರ ಏರಿಸುತ್ತಿದ್ದಳು. ಶರಣನ ಕತ್ತಿನ ಹಿಂದೆ ಜುಮ್ಮೆಂದಿತು.

"ಇದು ನಿನ್ನದೇ" ಎಂದ ಮನೋಹರ. "ಡಾಕ್ಸ್ ಗೆದ್ರೆ ಒಕ್ಕೂಟಕ್ಕೆ ಇದು ಬರ್ತದೆ. ಇದಕ್ಕೆ ಬೇಕಾದ ಗುಮಾಸ್ತನ ಹುದ್ದೆ ಅಂತ ತೋರ್ಸಿ ಖಾಯಂ ಮಾಡಬಹುದು. ಅನುಶ್ರೀದು ಪುಕ್ಕಟೆ ಮಾಲು ಮಾರಾಯ. ಪುಕ್ಕಟೆ ಮಾಲಿಗೆ ಯಾರಾದ್ರೂ ಖಾಯಂ ಗುಮಾಸ್ತನ್ನ ಇಡ್ತಾರಾ, ನೀನೇ ಹೇಳು."

"ನಾ ಏನ್ ಮಾಡ್ಬೇಕ್ರೀ?"

"ಎಂತದೂ ಇಲ್ಲ. ಸಭೆಯಲ್ಲಿ ಎರಡೂ ಯಂತ್ರದಲ್ಲಿ ಓದಿಸ್ತೇವೆ. ಯಾವುದು ಎಡವ್ತದೆ ಅಂತ ಜನ ನೋಡ್ಲಿ."

"ಅದು ಎಲ್ಲಿ ಎಡವ್ತದೆ ಶರಣಾ?" ವೈಭವ ಕೇಳಿದ. ಎಷ್ಟು ಮೆತ್ತಗೆ ಕೇಳಿದನೆಂದರೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ.

ಶರಣ ಹೇಳಿಬಿಟ್ಟ. ಕೋಷ್ಟಕದಲ್ಲಿ ಎರಡು ಮನೆಗಳನ್ನು ಕೂಡಿಸಿ ಒಂದು ಮಾಡಿದರೆ ತಗಡಿನ ದನಿಗೆ ನಾಲಿಗೆ ಬಿದ್ದುಹೋಗುತ್ತದೆ, 'ಖಾಲಿ' ಎನ್ನುತ್ತದೆ. ಆದರೆ ಅದಕ್ಕೊಂದು ಉಪಾಯ ಇದೆ: ಕೀಬೋರ್ಡಿನ ಬಲಗಡೆ ಅಂಕಿಗಳ ಗುಂಪಿನಲ್ಲಿ ಎಂಟನ್ನು ಒತ್ತಿದರೆ ತೆರೆಯ ಮೇಲಿನ ಸಾಲನ್ನು ಇದ್ದದ್ದು ಇದ್ದ ಹಾಗೆ ಓದುತ್ತದೆ. ಅನುಶ್ರೀ ಕಲಿಸಿದ ಮೊದಲ ಉಪಾಯಗಳಲ್ಲಿ ಅದೂ ಒಂದು. ಐದರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಅದನ್ನು ತಡವಿ ಒಂದು ಮನೆ ಮೇಲೆ ಹೋದರೆ ಎಂಟು. ನಿದ್ದೆಯಲ್ಲಿ ಎಬ್ಬಿಸಿದರೂ ಅವನ ಬೆರಳು ಅಲ್ಲಿಗೆ ಹೋಗುತ್ತಿತ್ತು.

ಉಪಾಯದ ಮಾತನ್ನು ಅವನು ಆ ಚಹಾದ ಅಂಗಡಿಯಲ್ಲಿ ನುಂಗಿಕೊಂಡ.

ವೋಟಿನ ಸಭೆಯ ಹಿಂದಿನ ವಾರ ವೈಭವನ ಟೆಂಪೋ ಮೂರು ತಾಲೂಕು ಸುತ್ತಿತು. ಕರೆಂಟೇ ಸರಿಯಾಗಿ ಇರದ ಊರಿನ ಸಂಘಕ್ಕೂ ಕಂಪ್ಯೂಟರ್ ಬಂತು. ಸ್ವಂತ ಕಂಪ್ಯೂಟರ್ ಇದ್ದವರಿಗೆ ವೋಟು ಎಂಬ ನಿಯಮ ಹೀಗೆ ಈಡೇರಿತು. ಸಭೆಯಲ್ಲಿ ಅನುಶ್ರೀ ಎದ್ದು, "ರಟ್ಟಿನ ಪೆಟ್ಟಿಗೆ ಬಿಚ್ಚದ ಕಂಪ್ಯೂಟರಿಗೂ ವೋಟಾ?" ಎಂದು ಕೇಳಿದಳು. "ಬಿಚ್ಚಬೇಕು ಅಂತ ನಿಯಮದಲ್ಲಿಲ್ಲ ತಂಗಿ" ಎಂದ ಮನೋಹರ.

ಮೇಜಿನ ಮೇಲೆ ಎರಡು ಯಂತ್ರ. ಅವತ್ತು ಇಯರ್‌ಫೋನ್ ಇಲ್ಲ, ಎರಡಕ್ಕೂ ಧ್ವನಿವರ್ಧಕ. ಮೊದಲು ವೈಭವನದು. ಉಸಿರಿನ ಹೆಣ್ಣು ಕೋಷ್ಟಕವನ್ನು ಸರಾಗ ಓದಿದಳು. ಯಾವ ಸಂಘ, ಎಷ್ಟು ಪೆಟ್ಟಿಗೆ, ಎಷ್ಟು ತುಪ್ಪ, ಎಲ್ಲವನ್ನೂ ಮದುವೆಯ ಉಡುಗೊರೆ ಓದಿದ ಹಾಗೆ. ನಂತರ ಅನುಶ್ರೀಯ ಹಳೆಯ ಯಂತ್ರ. ಅದೇ ನಡಾವಳಿ, ಓಡಿಟಿ ರೂಪದಲ್ಲಿ. ಶರಣ ಬಾಣದ ಕೀ ಒತ್ತುತ್ತ ಇಳಿದ. ಕೂಡಿಸಿದ ಮನೆ ಬಂತು.

"ಖಾಲಿ" ಎಂದಿತು ತಗಡು. "ಖಾಲಿ. ಖಾಲಿ."

"ಒಂದ್ ಹನಿ ಜೇನೂ ಇಲ್ವನ ಹಂಗಾರೆ!" ಯಾರೋ ಕೂಗಿದರು. ನಗು.

ಎದುರಿನ ಸಾಲಿನಿಂದ ಅನುಶ್ರೀಯ ಸ್ವರ ಬಂತು, ನೆಮ್ಮದಿಯ ಸ್ವರ. ತನ್ನ ಶರಣನ ಮೇಲೆ ಅವಳಿಗೆ ಅಷ್ಟು ಭರವಸೆ. "ಶರಣಾ, ಎಂಟರ ಕೀ ಒತ್ತು."

ಅವನ ಬೆರಳು ಆಗಲೇ ಐದರ ಉಬ್ಬಿನ ಮೇಲಿತ್ತು. ಒಂದು ಮನೆ ಮೇಲೆ ಹೋಗಬೇಕು, ಅಷ್ಟೇ. ಆ ಕ್ಷಣದಲ್ಲಿ ಅವನಿಗೆ ಹೊಳೆದದ್ದು ಕನ್ನಡದಲ್ಲಿ ಮಾತ್ರ ಹೊಳೆಯಬಹುದಾದ ಮೋಸ. ಬೆರಳನ್ನು ಎಡಕ್ಕೆ ಸರಿಸಿ, ಹೆಬ್ಬೆಟ್ಟಿನಷ್ಟು ದೊಡ್ಡ ಎಂಟರ್ ಕೀ ಒತ್ತಿದ.

"ಖಾಲಿ" ಎಂದಿತು ಯಂತ್ರ, ಹೊಸದಾಗಿ ಹುಟ್ಟಿದ ಸಾಲನ್ನು ನೋಡಿ.

"ಎಂಟರ್ ಅಲ್ದೋ ಮಾರಾಯ! ಎಂಟು, ಎಂಟು! ಎಂಟರ ಕೀ!"

ಮತ್ತೆ ಎಂಟರ್. "ಖಾಲಿ."

"ನೀವ ಎಂಟರ್ ಅಂದ್ರೆಲ್ಲ ಅಕ್ಕಾರ" ಎಂದ ಶರಣ, ಅಳುವ ಮಗುವಿನ ಹಾಗೆ.

ಸಭೆ ಬಿದ್ದುಬಿದ್ದು ನಕ್ಕಿತು. ಕುರ್ಚಿ ಸರಿದ ಸದ್ದು. ಅನುಶ್ರೀ ತಾನೇ ಒತ್ತಲು ಮೇಜಿನ ಕಡೆ ನುಗ್ಗಿದ್ದಳು. "ಮೇಡಂ, ಅವರೇ ಒತ್ತಲಿ" ಎಂದು ವೈಭವ ಅಡ್ಡ ನಿಂತ. "ದಿನಾ ಕೆಲಸ ಮಾಡೋರು ಅವರು. ಕಣ್ಣಿಲ್ಲದವರ ಮೇಲೆ ಹೀಗೆ ಕೂಗಬಾರದು, ಪಾಪ." ಆ ಪಾಪ ಎಂಬ ಪದ ಸಭೆಯ ಒಳಗೆ ಎಣ್ಣೆಯಂತೆ ಹರಡಿತು. ಅಯ್ಯೋ ಹೌದಲ್ಲ, ಎಂದರು ಹೆಂಗಸರು. ಇಂಥ ಮಾಲು ಕೊಟ್ಟು ಕುರುಡನ ಗೋಳು ಹುಯ್ಕೊಂಡಳಲ್ಲ ಎಂದರು ಗಂಡಸರು. ಡಾಕ್ಸ್ ಗೆದ್ದಿತು. ರಟ್ಟಿನ ಪೆಟ್ಟಿಗೆಗಳೂ ವೋಟು ಹಾಕಿದವು.

ಮೆಟ್ಟಿಲ ಬಳಿ ಅನುಶ್ರೀ ಅವನನ್ನು ತಡೆದಳು. "ಬೇಕಂತ ಮಾಡಿದೆ ಅಲ್ದಾ?"

"ತಿಳೀಲಿಲ್ಲರೀ ಅಕ್ಕಾರ."

 ಅವಳ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಇಳಿದು ರಸ್ತೆಯ ಗದ್ದಲಕ್ಕೆ ಸೇರಿಹೋಯಿತು. ಆ ಭಾನುವಾರದಿಂದ ಓದು ಬಳಗಕ್ಕೆ ಬಾ ಎಂದು ಶರಣನನ್ನು ಯಾರೂ ಕರೆಯಲಿಲ್ಲ.

ಖಾಯಂ ಆದೇಶ ಇಂದು ಬರುತ್ತದೆ, ನಾಳೆ ಬರುತ್ತದೆ. ಕೇಳಿದರೆ ಮನೋಹರ, "ಕಡತ ಮೇಲೆ ಹೋಗಿದೆ" ಎನ್ನುತ್ತಿದ್ದ. ಕಡತಗಳು ಯಾವಾಗಲೂ ಮೇಲೆಯೇ ಹೋಗುತ್ತವೆ. ಅಲ್ಲಿ ಅವಕ್ಕೆ ಏನಾಗುತ್ತದೆಂದು ಕೆಳಗೆ ನಿಂತವರಿಗೆ ತಿಳಿದ ದಿನವಿಲ್ಲ. ಅಷ್ಟರಲ್ಲಿ ಉಸಿರಿನ ಹೆಣ್ಣು ಕಚೇರಿಗೆ ಬಂದಳು. ಶರಣ ಅವಳ ಜೊತೆ ಹೊಂದಿಕೊಂಡ. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲೇ ತಾನೂ ತೆಗೆದುಕೊಳ್ಳುವುದನ್ನು ಕಲಿತ. ತಗಡಿನ ದನಿಯಿದ್ದ ಹಳೆಯ ಯಂತ್ರವನ್ನು ಗುಜರಿಯವನು ಒಯ್ದ ದಿನ ಶರಣ ಬಾಗಿಲಲ್ಲೇ ಇದ್ದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಳೆಗಾಲದಲ್ಲಿ ಕಾರ್ಯಕಾರಿ ಸಮಿತಿ ಯಲ್ಲಾಪುರದಲ್ಲಿ ಸೇರಿತು. "ಬಸ್ಸು ಸರಿ ಇಲ್ಲ, ನೀ ಎಂತಕ್ಕೆ ಒದ್ದಾಡ್ತೆ, ನಾನೇ ಬರ್ಕಂತೆ" ಎಂದು ಮನೋಹರ ಅವನನ್ನು ಮನೆಯಲ್ಲೇ ಬಿಟ್ಟ. ಎಷ್ಟು ಒಳ್ಳೆಯವರು ಎಂದುಕೊಂಡ ಶರಣ.

ಆಮೇಲೆ ಬಂತು ಸಿರಸಿಯ ಸರ್ವಸಾಧಾರಣ ಸಭೆ. ಸಾಮಾನ್ಯವಾಗಿ ನಡಾವಳಿಯನ್ನು ಅವನು ಬೆಳಿಗ್ಗೆಯೇ ಒಮ್ಮೆ ಕೇಳಿ ನಾಲಿಗೆ ಹದ ಮಾಡಿಕೊಳ್ಳುತ್ತಿದ್ದ. ಅವತ್ತು ವೇದಿಕೆಯ ಮೇಲೆಯೇ ಮನೋಹರ ಪೆನ್ ಡ್ರೈವ್ ಸಿಕ್ಕಿಸಿ, "ಯಲ್ಲಾಪುರದ ನಡಾವಳಿ, ಈಗಷ್ಟೇ ಟೈಪು ಮುಗೀತು, ಓದು" ಎಂದ. ಶರಣ ಇಯರ್‌ಫೋನ್ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಎದ್ದ. ಹಾಲ್ ತುಂಬಿತ್ತು. ಮೂರನೆಯ ಸಾಲಿನ ಅಂಚಿನಲ್ಲಿ ಅನುಶ್ರೀ ಕೆಮ್ಮಿದ್ದು ಕೇಳಿಸಿತು. ಬಂದಿದ್ದಾಳೆ ಎಂದುಕೊಂಡ.

ಅವನು ಓದಿದ. ಉಸಿರಿನ ಹೆಣ್ಣು ಕಿವಿಯಲ್ಲಿ ಎರಡು ಪದ ಮುಂದೆ, ಅವನು ಎರಡು ಪದ ಹಿಂದೆ. ಹಾಜರಿದ್ದವರ ಹೆಸರು, ಕಳೆದ ಸಲದ ಖರ್ಚಿನ ಒಪ್ಪಿಗೆ, ಮೇಣದ ದಾಸ್ತಾನು. ಎಲ್ಲ ಸರಾಗ.

"ಠರಾವು ಐದು," ಎಂದು ಅವನ ಬಾಯಿ ಹೇಳಿತು. "ಹಿಂದಿನ ಸಭೆಯ ಪ್ರಾತ್ಯಕ್ಷಿಕೆಯಲ್ಲಿ ನಡಾವಳಿ ಗುಮಾಸ್ತರಾದ ಶರಣ ಇವರು ಎಂಟು ಎಂಬ ಅಂಕಿಯ ಕೀಗೂ ಎಂಟರ್ ಕೀಗೂ ವ್ಯತ್ಯಾಸ ತಿಳಿಯದೆ, ಕೋಷ್ಟಕವನ್ನು ಓದಲು ಅಸಮರ್ಥರಾದದ್ದು ಸಭೆಯ ಗಮನಕ್ಕೆ ಬಂದಿರುವುದರಿಂದಲೂ, ಹೊಸ ತಂತ್ರಾಂಶವು ಮನುಷ್ಯರ ನೆರವಿಲ್ಲದೆ ತಾನಾಗಿಯೇ ಓದಬಲ್ಲದ್ದಾಗಿರುವುದರಿಂದಲೂ, ಸದರಿ ಹುದ್ದೆಯನ್ನು ಮುಂಬರುವ ಸರ್ವಸಾಧಾರಣ ಸಭೆಯ ಮುಕ್ತಾಯದಿಂದ ರದ್ದುಪಡಿಸಿ, ಸದರಿಯವರನ್ನು ಕೆಲಸದಿಂದ ಬಿಡುಗಡೆ ಮಾಡಲು ಠರಾಯಿಸಲಾಯಿತು. ಠರಾವು ಆರು. ಜೇನುತುಪ್ಪದ ಬಾಟಲಿಗಳ…"

ಅಲ್ಲಿಗೆ ಅವನ ಬಾಯಿ ನಿಂತಿತು. ಕಿವಿಯಲ್ಲಿ ಅವಳು ಬಾಟಲಿಗಳ ಬಗ್ಗೆ ಹೇಳುತ್ತಲೇ ಹೋದಳು.



"ಇದೇನ್ರೀ?" ಎಂದ ಶರಣ. ಯಾರಿಗೆ ಕೇಳಬೇಕೋ ತಿಳಿಯದೆ ಕಂಪ್ಯೂಟರಿಗೇ ಕೇಳಿದಂತಿತ್ತು.

"ಹೇಳ್ಲಿಕ್ಕೆ ಬಾಯೇ ಬರಲಿಲ್ಲ ಶರಣಾ" ಎಂದ ಮನೋಹರ, ಅವನ ಭುಜದ ಮೇಲೆ ಕೈಯಿಟ್ಟು. "ಓದಿದ್ರೆ ಹೆಂಗೂ ಗೊತ್ತಾಗ್ತದಲ್ಲ ಅಂತ ಸುಮ್ಮನಾದೆ. ಮತ್ತೆ, ನಿನ್ನ ಬಾಯಿಂದಲೇ ಬಂದದ್ರಿಂದ ಬೇರೆ ನೋಟೀಸು ಬೇಡ. ಮುಟ್ಟಿದ ಹಾಗೇ ಲೆಕ್ಕ."

"ಖಾಯಂ ಮಾಡ್ತೀನಿ ಅಂದಿದ್ರಿ."

"ಹುದ್ದೆ ಇದ್ರೆ ಅಲ್ದನ ಖಾಯಂ ಮಾಡೂದು!"

ಮುಂದಿನ ಸಾಲಿನಿಂದ ನೀಲಗಂಗವ್ವ ಎದ್ದಳು. ಶರಣನ ಪಕ್ಕದ ಊರಿನವಳು, ಆ ಕಡೆಯ ಹೆಣ್ಣುಮಕ್ಕಳ ಸಂಘದ ಹಿರಿಯಳು. ಕರುಣೆ ಅವಳ ದನಿಯಿಂದ ತೊಟ್ಟಿಕ್ಕುತ್ತಿತ್ತು. "ಬ್ಯಾಡ್ರಿ ಅಧ್ಯಕ್ಷರ, ಹುಡುಗನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ. ಕುರುಡ ಕೂಸು, ಎಂಟ್ ಯಾವ್ದೋ ಎಂಟರ್ ಯಾವ್ದೋ, ಅದಕ್ಕ ಏನ್ ತಿಳೀತದ ಪಾಪ? ಗೊತ್ತಾಗ್ದ ತಪ್ಪು ಮಾಡೇತಿ. ಬಾಟ್ಲಿಗೆ ಚೀಟಿ ಅಂಟ್ಸೂದಾದ್ರೂ ಕೊಡ್ರಿ."

"ಅದಕ್ಕೇನ್ ಅಡ್ಡಿಲ್ಲ ಬಿಡವಾ" ಎಂದರು ನಾಗಪ್ಪ. "ಪಾಪ, ಕೊಡೂನು. ಒಂದ್ ಶಾಲೂ ಹೊಚ್ಚೂನು."

ಅದಕ್ಕೆ ಏನು ತಿಳಿಯುತ್ತದೆ. ಶರಣನಿಗೆ ಅಂಗೈಯಲ್ಲಿ ತಣ್ಣಗೆ ನಾಣ್ಯ ಬಿದ್ದ ಹಾಗಾಯಿತು. ಇಡೀ ಹಾಲು ಬಸ್ ಸ್ಟ್ಯಾಂಡಾಗಿ, ಎಲ್ಲರೂ ಒಬ್ಬೊಬ್ಬರಾಗಿ ಬಂದು ನಾಣ್ಯ ಇಟ್ಟು ಹೋಗುತ್ತಿದ್ದ ಹಾಗೆ. ಮೈಯೆಲ್ಲ ಉರಿದು ಬಾಯಿಗೆ ಬಂತು.

"ನನಗ ಗೊತ್ತಿತ್ತು!"

"ಏನ್ ಗೊತ್ತಿತ್ತೋ?" ಎಂದರು ನಾಗಪ್ಪ.

"ಎಂಟು ಯಾವ್ದು, ಎಂಟರ್ ಯಾವ್ದು, ಎಲ್ಲಾ ಗೊತ್ತಿತ್ರೀ. ಎಂಟು ಒತ್ತಿದ್ರ ಓಡಿಟಿ ಕಡತಾನೂ ಓದ್ತಿತ್ತು. ನಾನ ಒತ್ಲಿಲ್ಲ. ಖಾಯಂ ಮಾಡ್ತೀನಿ ಅಂದಿದ್ರು, ಅದಕ್ಕ ಒತ್ಲಿಲ್ಲ. ನಾ ಅಸಮರ್ಥ ಅಲ್ರೀ. ನಿಮ್ಮೆಲ್ಲಾರಿಗಿಂತ ಚಲೋ ಓದಾಕ ಬರ್ತೇತಿ ನನಗ!"

ಗದ್ದಲ ಎದ್ದಿತು. ಅದರ ಮೇಲೆ ಅನುಶ್ರೀಯ ಸ್ವರ ಏರಿತು. ಶರಣ ಆ ಕಡೆ ಮುಖ ತಿರುಗಿಸಿದ. ಈಗ ಬೈಯುತ್ತಾಳೆ, ಬೈದರೆ ಸಾಕು, ಬೈದರೆ ಇನ್ನೂ ಅವಳಿಗೆ ನಾನೊಬ್ಬ ಮನುಷ್ಯ ಎಂದು ಕಾದ.

"ಕೇಳಿದ್ರಲ್ಲ ಅಧ್ಯಕ್ಷರೇ! ಓಡಿಟಿ ಓದ್ತಿತ್ತು ಅಂತ ಸಾಕ್ಷೀನೇ ಹೇಳಿದೆ. ಸುಳ್ಳಿನ ಮೇಲೆ ನಿಂತ ವೋಟು ಅದು. ರದ್ದು ಮಾಡಿ, ಮತ್ತೆ ವೋಟಿಗೆ ಹಾಕಿ."

ಸಾಕ್ಷೀನೇ ಹೇಳಿದೆ. ಹೇಳಿದ್ದಾನೆ ಅಲ್ಲ. ಶರಣನ ಕೆಲಸದ ಬಗ್ಗೆ ಅವಳ ಬಾಯಲ್ಲಿ ಒಂದು ಪದ ಬರಲಿಲ್ಲ.

ನಾಗಪ್ಪ ನಕ್ಕರು. ಹೊಟ್ಟೆಯಿಂದ ಬಂದ, ಯಾವ ಕಪಟವೂ ಇಲ್ಲದ ನಗು. "ಏ ತಂಗೀ, ಈ ಹುಡುಗ ಓದಿದ್ದು ನೋಡಿ ಯಾರ್ ವೋಟ್ ಹಾಕ್ಯಾರ? ಪುಕ್ಕಟೆ ಕಂಪ್ಯೂಟರ್ ಬಂದಿತ್ತು, ಹಾಕಿದ್ವಿ. ಅಂವ ಎಂಟಲ್ಲ, ಎಂಟ್ನೂರು ಒತ್ತಿದ್ರೂ ಅದಕ್ಕ ಹಾಕ್ತಿದ್ವಿ."

ಇಡೀ ಹಾಲು ಗೊಳ್ಳೆಂದಿತು. ಯಲ್ಲಾಪುರದವರು, ಸಿದ್ದಾಪುರದವರು ಎಂಬ ಭೇದವಿಲ್ಲದೆ ಎಲ್ಲರೂ ಒಟ್ಟಾಗಿ ನಕ್ಕ ಮೊದಲ ಸಭೆ ಅದು.

ಶರಣ ಮೇಜು ಹಿಡಿದುಕೊಂಡು ಕುರ್ಚಿಗೆ ಕೂತ. ತಾನು ಮಾರಿದ್ದನ್ನು ಯಾರೂ ಕೊಂಡೇ ಇರಲಿಲ್ಲ. ಮೇಜು ಹಿಡಿದುಕೊಂಡು ಕುರ್ಚಿಗೆ ಕೂತ.

"ಆದ್ರೆ ಈಗ ಒಂದು ತೊಡಕಾಯ್ತು" ಎಂದ ಮನೋಹರ, ನಗು ತಗ್ಗಿದ ಮೇಲೆ. "ನಡಾವಳಿ ಓದುವಾಗ ಆಕ್ಷೇಪಣೆ ಬಂದ್ರೆ ತಿದ್ದುಪಡಿ ಮಾಡ್ಬೇಕು, ನಿಯಮ. ಶರಣಾ, ಎರಡು ದಾರಿ ಇದೆ ನೋಡು. 'ಅಸಮರ್ಥ' ಅಂತ ಇದ್ದದ್ದು ಇದ್ದ ಹಾಗೇ ಬಿಟ್ರೆ, ಬಾಟಲಿ ಚೀಟಿ ಕೆಲಸ ಇದೆ, ಶಾಲೂ ಇದೆ. ಇಲ್ಲ, ನನಗೆ ಬರ್ತಿತ್ತು ಅಂತೀಯಾದ್ರೆ, ಅದನ್ನ ಅಳಿಸಿ 'ಸಭೆಗೆ ಮೋಸ ಮಾಡಿದ್ದರಿಂದ' ಅಂತ ಬರೀಬೇಕಾಗ್ತದೆ. ಮೋಸ ಮಾಡಿದವಗೆ ಚೀಟಿ ಕೆಲಸ ಕೊಡ್ಲಿಕ್ಕೆ ಬರೂದಿಲ್ಲ. ಈ ಒಕ್ಕೂಟದ ಯಾವ ಸಂಘದಲ್ಲೂ ಬರೂದಿಲ್ಲ. ಎಂತ ಬರೀಲಿ?"

"ಅಸಮರ್ಥ ಅನ್ನೋ ತಮ್ಮಾ" ಎಂದಳು ನೀಲಗಂಗವ್ವ. "ಮಂದಿ ಏನ್ ಅಂದ್ಕೊಂಡ್ರ ಏನಾತು, ನಿಮ್ಮವ್ವನ್ನ ನೆನಸ್ಕೋ."

ಶರಣ ಅವ್ವನನ್ನು ನೆನೆದ. ಅವಳು ಊರಿನ ಕಟ್ಟೆಯ ಮೇಲೆ ಕೂತು, ನನ್ನ ಮಗನಿಗೆ ಏನೂ ತಿಳಿಯುವುದಿಲ್ಲ, ಪಾಪ ಎಂದು ಚೀಟಿ ಕೊಟ್ಟಿದ್ದಾರೆ ಎಂದು ಹೇಳುವುದನ್ನು ನೆನೆದ. ನನ್ನ ಮಗ ಮೋಸಗಾರ ಎಂದು ಹೇಳುವುದನ್ನೂ ನೆನೆದ. ಎರಡನೆಯದನ್ನು ಅವಳು ಯಾರಿಗೂ ಹೇಳಲಾರಳು, ಮನೆಯೊಳಗೇ ಇಟ್ಟುಕೊಳ್ಳುತ್ತಾಳೆ ಎನ್ನಿಸಿತು.

"ಮೋಸ ಅಂತ ಬರೀರಿ" ಎಂದ.

"ಬರೀರಿ ಅಂದ್ರೆ? ಸಭೆ ಮುಗಿಯೋತನಕ ಗುಮಾಸ್ತ ನೀನೇ. ಬರಿ."

ಶರಣ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಠರಾವು ಐದಕ್ಕೆ ಹೋದ. 'ವ್ಯತ್ಯಾಸ ತಿಳಿಯದೆ' ಎಂಬುದನ್ನು ಅಳಿಸಿ 'ವ್ಯತ್ಯಾಸ ತಿಳಿದಿದ್ದರೂ' ಎಂದು ಮಾಡಿದ. 'ಅಸಮರ್ಥರಾದದ್ದು' ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿ, 'ಸಾಮರ್ಥ್ಯವಿದ್ದೂ ಬೇಕೆಂದೇ ಓದದೆ ಸಭೆಗೆ ಮೋಸ ಮಾಡಿದ್ದು' ಎಂದು ಬರೆದ. ಒಂದು ಕಡೆಯೂ ತಪ್ಪಲಿಲ್ಲ. ಎದ್ದು ನಿಂತು ತಿದ್ದಿದ ಸಾಲನ್ನು ಸಭೆಗೆ ಓದಿದ. ಸಾಮರ್ಥ್ಯ ಎಂಬ ಪದಕ್ಕೆ ಅವನ ದನಿ ಹಾಲಿನ ಹಿಂಗೋಡೆಯವರೆಗೂ ಹೋಯಿತು.

"ಒಪ್ಪಿಗೆ ಇದ್ದವರು ಕೈ ಎತ್ರಿ" ಎಂದರು ನಾಗಪ್ಪ.

ಬಳೆಗಳು ಸದ್ದು ಮಾಡಿದವು, ಅಂಗಿಯ ತೋಳುಗಳು ಸರಿದವು. ಶರಣ ಕಾದ. ಎಷ್ಟು ಕೈ ಎಂದು ಮನೋಹರನೇ ಎಣಿಸಿ ಹೇಳುವುದು ರೂಢಿ.

"ಎಷ್ಟ್ರೀ?" ಎಂದು ಕೇಳಿದ ಶರಣ.

"ಎಲ್ಲಾರೂ ಎತ್ಯಾರಪಾ" ಎಂದರು ನಾಗಪ್ಪ.

"ಕಾನಸೂರು ಸಂಘದವರೂ?"

 ಉತ್ತರ ಬಂದದ್ದು ಮೂರನೆಯ ಸಾಲಿನ ಅಂಚಿನಿಂದ.

"ಎತ್ತಿದ್ದೆ" ಎಂದಳು ಅನುಶ್ರೀ. "ಬರ್ಕೋ."

'ಸರ್ವಾನುಮತದಿಂದ' ಎಂದು ಶರಣ ಟೈಪು ಮಾಡಿ ಕಡತ ಉಳಿಸಿದ. ವೈಭವ ಹಿಂದಿನಿಂದ ಬಂದು ಅವನ ಕಿವಿಯ ಇಯರ್‌ಫೋನನ್ನು ಮೆಲ್ಲಗೆ ಎಳೆದು ತೆಗೆದು, ಧ್ವನಿವರ್ಧಕದ ವಯರು ಸಿಕ್ಕಿಸಿದ.

"ಠರಾವು ಆರು" ಎಂದಳು ಉಸಿರಿನ ಹೆಣ್ಣು ಇಡೀ ಸಭೆಗೆ. "ಜೇನುತುಪ್ಪದ ಬಾಟಲಿಗಳ ಮುಚ್ಚಳ ಖರೀದಿಸುವ ಬಗ್ಗೆ."

"ಹಾಂ, ಈಗ ಕೇಳಸ್ತೇತಿ ನೋಡು" ಎಂದರು ಹಿಂದಿನ ಸಾಲಿನಲ್ಲಿ ಯಾರೋ.